ಡ್ವೊರ್ಜಾಕ್‌ನ ಲಾರ್ಗೊವನ್ನು ಬ್ರಾಸ್ ಬ್ಯಾಂಡಿಗೆ ಇಳಿಸುತ್ತಿದ್ದೇನೆ, ಪಿಟೀಲುಗಳ ಜಾಗದಲ್ಲಿ ಯಾರನ್ನು ಕೂರಿಸಲಿ?

ಬ್ಯಾರಿಟೋನ್ ಭಟ್ಟ

ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಕಡೆ. ಈಗ ಇರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಇಲ್ಲಿ ಗಣಿಗೊಂದು, ಗಿರಣಿಗೊಂದು ಬ್ರಾಸ್ ಬ್ಯಾಂಡ್ ಇದ್ದ ಕಾಲವಿತ್ತು. ಗಣಿ ಮುಚ್ಚಿದರೂ ಕೆಲವು ಬ್ಯಾಂಡ್ ಉಳಿದುಕೊಂಡಿವೆ. ನಮ್ಮ ಬೀದಿ ಕೊನೆಯಲ್ಲೇ ಒಂದಿದೆ. ಆರು ವರ್ಷದ ಹಿಂದೆ ಮಗಳನ್ನು ಕಾರ್ನೆಟ್ (ಟ್ರಂಪೆಟ್‌ನಂಥ ಚಿಕ್ಕ ಹಿತ್ತಾಳೆ ವಾದ್ಯ) ಕಲಿಯಲು ಬಿಡುತ್ತಿದ್ದೆ. ಒಂದು ಗಂಟೆ ಸುಮ್ನೆ ಕೂರುವುದೇಕೆ ಎಂದು ಬ್ಯಾರಿಟೋನ್ ಎಂಬ ದೊಡ್ಡ ಹಿತ್ತಾಳೆ ವಾದ್ಯ ಹಿಡಿದೆ. ಮಗಳು ಬಿಟ್ಟಳು, ನಾನು ಬಿಡಲಿಲ್ಲ.

ಈಗ ವಿಷಯ. ನಮ್ಮ ಕಂಡಕ್ಟರ್‌ಗೆ ಚೆಕ್ ಸಂಗೀತಗಾರ ಡ್ವೊರ್ಜಾಕ್‌ನ ಒಂಬತ್ತನೇ ಸಿಂಫನಿಯ ನಿಧಾನಗತಿಯ ಎರಡನೇ ಭಾಗ, ಅಂದರೆ ಲಾರ್ಗೊ, ಪೂರ್ತಿ ಬೇಕಂತೆ. ಅಂಗಡಿಯಲ್ಲಿ ಸಿಗುವ ಬ್ಯಾಂಡ್ ಪ್ರತಿಗಳಲ್ಲಿ ಹೆಚ್ಚಿನವು ಮುಖ್ಯ ಧಾಟಿಯನ್ನಷ್ಟೇ ಇಟ್ಟುಕೊಂಡು ನಾಲ್ಕು ನಿಮಿಷಕ್ಕೆ ಮುಗಿಸುತ್ತವೆ. ಪೂರ್ತಿ ನುಡಿಸಿದರೆ ಹನ್ನೊಂದು-ಹನ್ನೆರಡು ನಿಮಿಷ. "ನೀನು ಕಂಪ್ಯೂಟರ್‌ನವನಲ್ವಾ, ನೀನೇ ಮಾಡು" ಎಂದುಬಿಟ್ಟರು. ನಾನು ಬರೆಯುವುದು ಬ್ಯಾಂಕಿನ ಸಾಫ್ಟ್‌ವೇರ್ ಎಂದು ಹೇಳಿ ನೋಡಿದೆ. ಪ್ರಯೋಜನ ಆಗಲಿಲ್ಲ.

ಮೂಲ ಸ್ಕೋರ್ ಇಳಿಸಿಕೊಂಡೆ. ಸ್ವರ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್‌ನಲ್ಲಿ ಒಂದು ತಿಂಗಳು ಕೂತು ಒಂದು ಕರಡು ಮಾಡಿದೆ. ಮೊದಲ ಪಿಟೀಲು ಸೋಲೊ ಕಾರ್ನೆಟ್‌ಗೆ, ಎರಡನೇ ಪಿಟೀಲು ಎರಡನೇ ಕಾರ್ನೆಟ್‌ಗೆ, ವಯೋಲಾ ಟೆನರ್ ಹಾರ್ನ್‌ಗೆ, ಚೆಲ್ಲೊ ಯುಫೋನಿಯಂಗೆ, ಹೀಗೆ ಸಾಲಿಗೆ ಸಾಲು ಕೂರಿಸಿದೆ. ಕಂಪ್ಯೂಟರ್‌ನಲ್ಲಿ ಕೇಳಿದರೆ ಸ್ವರ್ಗ. ಹೋದ ಗುರುವಾರ ಬ್ಯಾಂಡ್ ಮುಂದೆ ಇಟ್ಟೆ. ಎಂಟನೇ ಬಾರ್‌ನಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ಮೂರು ಜನ ಉಸಿರಿಲ್ಲದೆ ನಿಲ್ಲಿಸಿದರು. ಮೂರನೇ ಕಾರ್ನೆಟ್‌ನ ಹುಡುಗ ನಕ್ಕುಬಿಟ್ಟ. ಹಿರಿಯ ಟ್ರೊಂಬೋನ್ ವಾದಕರೊಬ್ಬರು ನಾನು ಕೊಟ್ಟ ಕಾಗದವನ್ನು ತಲೆಕೆಳಗು ಮಾಡಿ ನೋಡಿ, "ಇದು ಯಾವ ಭಾಷೆ?" ಎಂದರು.

ಎಲ್ಲಿ ಎಡವಿದೆ, ಸ್ವಲ್ಪ ಹೇಳಿ.

ನಿವೃತ್ತ ಬ್ಯಾಂಡ್ ಮಾಸ್ಟರ್

ಭಟ್ಟರೇ, ಮೊದಲು ಟ್ರೊಂಬೋನ್ ಯಜಮಾನರ ಕೋಪದ ಕಾರಣ ಹೇಳುತ್ತೇನೆ. ನೀವು ಬೇಸ್ ಕ್ಲೆಫ್‌ನಲ್ಲಿ, ಅಂದರೆ ತಗ್ಗು ಸ್ವರಗಳ ಲಿಪಿಯಲ್ಲಿ, ಬರೆದಿರುತ್ತೀರಿ. ಆರ್ಕೆಸ್ಟ್ರಾದಲ್ಲಿ ಅದು ಸರಿ. ಬ್ರಿಟಿಷ್ ಬ್ರಾಸ್ ಬ್ಯಾಂಡಿನ ಪದ್ಧತಿ ಬೇರೆ. ಅಲ್ಲಿ ಸೊಪ್ರಾನೊ ಕಾರ್ನೆಟ್‌ನಿಂದ ಹಿಡಿದು ದೊಡ್ಡ ಬಿ ಫ್ಲಾಟ್ ಬೇಸ್‌ವರೆಗೆ (ಬೇಸ್ ಅಂದರೆ ಟ್ಯೂಬಾ) ಎಲ್ಲರೂ ಓದುವುದು ಟ್ರೆಬಲ್ ಕ್ಲೆಫ್, ಅಂದರೆ ಎತ್ತರದ ಸ್ವರಗಳ ಲಿಪಿ. ಬೇಸ್ ಟ್ರೊಂಬೋನ್ ಒಬ್ಬನಿಗೆ ಮಾತ್ರ ಬೇಸ್ ಕ್ಲೆಫ್, ಅದೂ ಕೇಳಿಸುವ ಸ್ವರವನ್ನೇ ಬರೆದು. ಉಳಿದ ಎರಡು ಟ್ರೊಂಬೋನ್‌ಗೆ ಬಿ ಫ್ಲಾಟ್ ಟ್ರೆಬಲ್‌ನಲ್ಲಿ, ಕೇಳಿಸುವುದಕ್ಕಿಂತ ಒಂದು ಸ್ಥಾಯಿ ಮತ್ತು ಒಂದು ಪೂರ್ಣ ಸ್ವರ ಮೇಲೆ ಬರೆಯಬೇಕು.

ಇದು ಹುಚ್ಚು ಎನಿಸಬಹುದು, ಆದರೆ ಲಾಭವಿದೆ. ಕಾಗದದ ಮೇಲೆ ಒಂದೇ ಸ್ವರ, ವಾಲ್ವ್‌ನ ಮೇಲೆ ಒಂದೇ ಬೆರಳು. ಕಾರ್ನೆಟ್ ಊದುತ್ತಿದ್ದ ಹುಡುಗನನ್ನು ನಾಳೆ ಟೆನರ್ ಹಾರ್ನ್‌ಗೆ, ನಾಡಿದ್ದು ಟ್ಯೂಬಾಗೆ ಕೂರಿಸಬಹುದು, ಹೊಸದಾಗಿ ಓದು ಕಲಿಸಬೇಕಿಲ್ಲ. ಗಿರಣಿ ಕೆಲಸದವರ ಬ್ಯಾಂಡಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ನಾನು ಇದ್ದದ್ದು ಕ್ಲಾರಿನೆಟ್, ಕೊಳಲು ಇರುವ ಬ್ಯಾಂಡ್. ಸಿಂಫನಿ ತಂದರೆ ಪಿಟೀಲಿನ ಸಾಲನ್ನು ಕ್ಲಾರಿನೆಟ್‌ನವರಿಗೆ ಕೊಟ್ಟು ನಿದ್ದೆ ಮಾಡುತ್ತಿದ್ದೆವು. ನಿಮಗೆ ಆ ಸುಖ ಇಲ್ಲ.

ಸುಮ್ನೆ ಓದುವವನು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮದುವೆ ಬ್ಯಾಂಡ್ ಸೆಟ್‌ನಲ್ಲೂ ಕ್ಲಾರಿನೆಟ್ ಇರುತ್ತದಲ್ಲ. ಬ್ರಾಸ್ ಬ್ಯಾಂಡ್ ಅಂದರೆ ಅದೇ ಅಲ್ವಾ?

ಕುಡ್ಲದ ಕಾರ್ನೆಟ್

ಅಲ್ಲ ಮಾರಾಯ್ರೆ. ನಮ್ಮ ಮಂಗಳೂರಿನಲ್ಲಿ ಚರ್ಚ್ ಹಬ್ಬಕ್ಕೆ, ರೋಸ್‌ಗೆ (ಮದುವೆ ಮುಂಚಿನ ಶಾಸ್ತ್ರ), ಮದುವೆಗೆ ಬರುವ ತಂಡಕ್ಕೂ ಬ್ರಾಸ್ ಬ್ಯಾಂಡ್ ಅಂತಲೇ ಹೇಳುವುದು. ಸ್ಯಾಕ್ಸ್ ಇರುತ್ತದೆ, ಕ್ಲಾರಿನೆಟ್ ಇರುತ್ತದೆ, ಈಗ ಕೀಬೋರ್ಡ್ ಕೂಡ. ಭಟ್ಟರು ಹೇಳುವುದು ಇಂಗ್ಲೆಂಡಿನ ಪಕ್ಕಾ ಲೆಕ್ಕದ ಬ್ಯಾಂಡ್. ಇಪ್ಪತ್ತೈದು ಜನ ಹಿತ್ತಾಳೆ, ಜೊತೆಗೆ ತಾಳವಾದ್ಯ. ಒಂದು ಸೊಪ್ರಾನೊ ಕಾರ್ನೆಟ್, ಒಂಬತ್ತು ಬಿ ಫ್ಲಾಟ್ ಕಾರ್ನೆಟ್, ಒಂದು ಫ್ಲೂಗಲ್ (ಕಾರ್ನೆಟ್‌ನ ದುಂಡು ನಾದದ ನೆಂಟ), ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯುಫೋನಿಯಂ, ಮೂರು ಟ್ರೊಂಬೋನ್, ನಾಲ್ಕು ಬೇಸ್. ಟ್ರಂಪೆಟ್ ಇಲ್ಲ. ಆರ್ಕೆಸ್ಟ್ರಾದ ಫ್ರೆಂಚ್ ಹಾರ್ನ್ ಇಲ್ಲ. ಸ್ಪರ್ಧೆಗಳಲ್ಲಿ ಇದೇ ಲೆಕ್ಕ ನಡೆಯುವುದು. ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ 1853ರಿಂದಲೇ ಸ್ಪರ್ಧೆ ಶುರುವಾಗಿದೆ.

ಭಟ್ಟರೇ, ನಿಮ್ಮ ತಂಡದಲ್ಲಿ ನಿಜವಾಗಿ ಎಷ್ಟು ಜನ ಬರುತ್ತಾರೆ? ಕಾಗದದ ಲೆಕ್ಕ ಬೇಡ.

ಬ್ಯಾರಿಟೋನ್ ಭಟ್ಟ

ಹತ್ತೊಂಬತ್ತು. ಮಳೆ ಬಂದರೆ ಹದಿನಾರು. ಇಲ್ಲಿ ಮಳೆ ಬರದ ದಿನ ಕಡಿಮೆ.

ಪಿಟೀಲು ಪದ್ಮ

ನಾನು ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲಿನ ಹಿಂದಿನ ಸಾಲಿನವಳು. ಈ ಲಾರ್ಗೊವನ್ನು ನಾಲ್ಕು ಸಲ ನುಡಿಸಿದ್ದೇನೆ. ನಿಮ್ಮ ಎಂಟನೇ ಬಾರ್‌ನ ಕಥೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಲೆಕ್ಕ ಹಾಕಿ. ಡ್ವೊರ್ಜಾಕ್ ಕೊಟ್ಟ ವೇಗ ನಿಮಿಷಕ್ಕೆ 52 ಕ್ರಾಚೆಟ್, ಅಂದರೆ 52 ಎಣಿಕೆ. ನಾಲ್ಕು ಕ್ರಾಚೆಟ್‌ನ ಒಂದು ಬಾರ್‌ಗೆ ನಾಲ್ಕೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಬಾರ್ ಸೇರಿದರೆ ಹತ್ತಿರ ಹತ್ತಿರ ಹದಿನೆಂಟೂವರೆ ಸೆಕೆಂಡ್. ನಮಗೆ ಬಿಲ್ಲು ಇದೆ. ಕೆಳಗೆ ಎಳೆದು ಮೇಲೆ ತಿರುಗಿಸಿದರೆ ಆಯಿತು, ಅಕ್ಕಪಕ್ಕದವರು ಬೇರೆ ಬೇರೆ ಜಾಗದಲ್ಲಿ ತಿರುಗಿಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನಿಮ್ಮ ಬಿ ಫ್ಲಾಟ್ ಬೇಸ್‌ನವರು ಆ ಸ್ವರವನ್ನು ಅಷ್ಟು ಮೆತ್ತಗೆ, ಅಷ್ಟು ಹೊತ್ತು ಹಿಡಿಯಲು ಮನುಷ್ಯರಿಂದ ಸಾಧ್ಯವಾ? ಕಂಪ್ಯೂಟರ್ ಉಸಿರಾಡುವುದಿಲ್ಲ. ಅದಕ್ಕೇ ಸ್ವರ್ಗ ಕೇಳಿಸಿದ್ದು.

ಇನ್ನೊಂದು ಅನುಮಾನ. ಮೂಲದಲ್ಲಿ ತಂತಿವಾದ್ಯಗಳಿಗೆ "ಕಾನ್ ಸೊರ್ದಿನೊ", ಅಂದರೆ ಮ್ಯೂಟ್ ಹಾಕಿ, ಎಂದಿದೆ. ನೀವು ಅದನ್ನು ನೋಡಿ ಕಾರ್ನೆಟ್‌ಗಳಿಗೂ ಮ್ಯೂಟ್ ಹಾಕಿಸಿದಿರಾ?

ಬ್ಯಾರಿಟೋನ್ ಭಟ್ಟ

ಹಾಕಿಸಿದೆ. ಎಲ್ಲರಿಗೂ. ಸ್ಟ್ರೈಟ್ ಮ್ಯೂಟ್.

ಪಿಟೀಲು ಪದ್ಮ

ಅಯ್ಯೋ.

ಪಿಟೀಲಿನ ಬ್ರಿಡ್ಜ್ ಮೇಲೆ ಮ್ಯೂಟ್ ಕೂರಿಸಿದರೆ ನಾದ ಮಂಜಾಗುತ್ತದೆ, ಕಂಬಳಿ ಹೊದ್ದ ಹಾಗೆ. ಕಾರ್ನೆಟ್‌ಗೆ ಸ್ಟ್ರೈಟ್ ಮ್ಯೂಟ್ ತುರುಕಿದರೆ ಉಲ್ಟಾ. ಮೂಗಿನಲ್ಲಿ ಮಾತಾಡಿದಂತೆ ಚೂಪಾಗುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಆ ಡಿ ಫ್ಲಾಟ್ ಹಾಸು ನಿಮಗೆ ಬೇಕಾದರೆ ಮ್ಯೂಟ್ ಬಿಟ್ಟುಬಿಡಿ, ವಾದ್ಯವನ್ನೇ ಬದಲಿಸಿ. ಟೆನರ್ ಹಾರ್ನ್, ಬ್ಯಾರಿಟೋನ್, ಯುಫೋನಿಯಂ ಮೂರನ್ನೂ ತೆರೆದೇ ಮೆತ್ತಗೆ ಊದಿಸಿದರೆ ನಮ್ಮ ಮ್ಯೂಟ್ ಹಾಕಿದ ಪಿಟೀಲಿಗೆ ಹತ್ತಿರ ಬರುತ್ತದೆ ಎಂದು ನನ್ನ ಊಹೆ. ನಿಮ್ಮವರೇ ಹೇಳಲಿ.

ನಿವೃತ್ತ ಬ್ಯಾಂಡ್ ಮಾಸ್ಟರ್

ಪದ್ಮಾ ಮೇಡಂ ಸರಿಯಾದ ಗಂಟನ್ನೇ ಹಿಡಿದರು. ಅದನ್ನು ಸ್ವಲ್ಪ ಬಿಚ್ಚುತ್ತೇನೆ.

ಈ ಲಾರ್ಗೊ ಶುರುವಾಗುವುದು ಹೇಗೆ? ಟ್ರೊಂಬೋನ್, ಟ್ಯೂಬಾ, ಹಾರ್ನ್, ಬಸೂನ್ ಮುಂತಾದವು ಸೇರಿ ತಗ್ಗಿನಲ್ಲಿ ನಿಧಾನವಾಗಿ ಕೆಲವು ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸುತ್ತವೆ. ಇ ಮೇಜರ್‌ನಲ್ಲಿ ಶುರುವಾಗಿ ನಾಲ್ಕೇ ಬಾರ್‌ನಲ್ಲಿ ಡಿ ಫ್ಲಾಟ್ ಮೇಜರ್‌ಗೆ ಬಂದು ಇಳಿಯುತ್ತದೆ. ಬಾಗಿಲು ತೆರೆದ ಹಾಗೆ. ಆಮೇಲೆ ತಂತಿಗಳ ಹಾಸು, ಅದರ ಮೇಲೆ ಇಂಗ್ಲಿಷ್ ಹಾರ್ನ್ ಎಂಬ ಮರದ ವಾದ್ಯ ಒಂಟಿಯಾಗಿ ಧಾಟಿ ಎತ್ತುತ್ತದೆ. ಹಿತ್ತಾಳೆಯಿಂದ ತಂತಿಗೆ, ತಂತಿಯಿಂದ ಮರದ ವಾದ್ಯಕ್ಕೆ. ಮೂರು ಬಣ್ಣ.

ಬ್ರಾಸ್ ಬ್ಯಾಂಡ್‌ನಲ್ಲಿ ಇರುವುದೆಲ್ಲ ಹಿತ್ತಾಳೆ. ಆ ಮೊದಲ ನಾಲ್ಕು ಬಾರ್ ಬ್ಯಾಂಡಿಗೆ ಅತಿ ಸುಲಭ, ಅದೇ ತೊಂದರೆ. ಇಪ್ಪತ್ತೈದು ಜನವೂ ಸೇರಿ ಊದಿಬಿಟ್ಟರೆ ಐದನೇ ಬಾರ್‌ನಲ್ಲಿ ಬಣ್ಣ ಬದಲಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಹಿತ್ತಾಳೆಯ ಒಳಗೇ ಎರಡು ಜಾತಿ ಮಾಡಬೇಕು. ಟ್ರೊಂಬೋನ್‌ನ ಕೊಳವೆ ಬಹುದೂರ ಒಂದೇ ಅಗಲ. ನಾದ ನೇರ, ಅಂಚು ಸ್ಪಷ್ಟ. ಫ್ಲೂಗಲ್, ಟೆನರ್ ಹಾರ್ನ್, ಯುಫೋನಿಯಂ, ಬೇಸ್‌ಗಳ ಕೊಳವೆ ಮೊದಲಿಂದ ಅಗಲವಾಗುತ್ತಾ ಹೋಗುತ್ತದೆ. ನಾದ ದುಂಡಗೆ. ಮೊದಲ ನಾಲ್ಕು ಬಾರ್ ಮೂರು ಟ್ರೊಂಬೋನ್, ಒಂದೆರಡು ಬೇಸ್‌ಗೆ ಕೊಡಿ. ಮೇಲಿನ ಸ್ವರ ಸಾಲದೇ ಹೋದರೆ ಒಂದೇ ಒಂದು ಕಾರ್ನೆಟ್. ಉಳಿದವರು ಸುಮ್ಮನಿರಲಿ. ಐದನೇ ಬಾರ್‌ನಲ್ಲಿ ಟ್ರೊಂಬೋನ್ ಪೂರ್ತಿ ನಿಂತು ದುಂಡು ನಾದದವರು ಬರಲಿ. ಕೇಳುಗರಿಗೆ ಬೆಳಕು ಬದಲಾದದ್ದು ಗೊತ್ತಾಗುತ್ತದೆ.

ಟ್ಯೂಬಾ ತಿಮ್ಮ

ಟ್ಯೂಬಾದವರ ಪರವಾಗಿ ಒಂದು ಮಾತು. ಆರ್ಕೆಸ್ಟ್ರಾದಲ್ಲಿ ಈ ಇಡೀ ಸಿಂಫನಿಗೆ ಟ್ಯೂಬಾಗೆ ಕೆಲಸ ಇರುವುದು ಲಾರ್ಗೊದಲ್ಲಿ ಮಾತ್ರ. ಅದೂ ಎಷ್ಟು ಸ್ವರ? ಎರಡು ಕೈ, ಒಂದು ಕಾಲಿನ ಬೆರಳು ಸಾಕು ಎಣಿಸಲು. ಮುಕ್ಕಾಲು ಗಂಟೆ ಕೋಟು ಹಾಕಿಕೊಂಡು ಕೂತು, ನಾಲ್ಕು ಕಾರ್ಡ್ ಊದಿ, ಪೂರ್ತಿ ಸಂಬಳ ಎಣಿಸಿಕೊಳ್ಳುವ ಪುಣ್ಯಾತ್ಮ. ನಿಮ್ಮ ಬ್ಯಾಂಡಿನಲ್ಲಿ ಅವನಿಗೆ ಇಡೀ ಡಬಲ್ ಬೇಸ್ ಸಾಲು ಕೊಟ್ಟು ಸೇಡು ತೀರಿಸಿಕೊಳ್ಳಿ.

ಬ್ಯಾರಿಟೋನ್ ಭಟ್ಟ

ಎಲ್ಲರಿಗೂ ವಂದನೆ. ಒಂದು ಹಂತ ತಿಳಿಯಾಯಿತು. ಈಗ ಶ್ರುತಿಯ ಪ್ರಶ್ನೆ. ಡಿ ಫ್ಲಾಟ್ ಮೇಜರ್ ಅಂದರೆ ಐದು ಫ್ಲಾಟ್. ನಮ್ಮದು ಹವ್ಯಾಸಿ ತಂಡ. ಅರ್ಧ ಸ್ವರ ಇಳಿಸಿ ಸಿ ಮೇಜರ್‌ಗೆ ತಂದರೆ ಎಲ್ಲರಿಗೂ ಸಲೀಸು ಅಲ್ವಾ?

ಕುಡ್ಲದ ಕಾರ್ನೆಟ್

ಬೇಡವೇ ಬೇಡ! ಪಿಯಾನೊ ಮುಂದೆ ಕೂತವರ ಯೋಚನೆ ಇದು. ಬರೆದ ಸ್ವರವೇ ಕೇಳಿಸುವ ಸಿ ವಾದ್ಯ ನಿಮ್ಮ ಬ್ಯಾಂಡಿನಲ್ಲಿ, ಬೇಸ್ ಟ್ರೊಂಬೋನ್ ಕಾಗದ ಬಿಟ್ಟರೆ, ಒಂದೂ ಇಲ್ಲ. ಉಳಿದದ್ದೆಲ್ಲ ಬಿ ಫ್ಲಾಟ್, ಇಲ್ಲವೇ ಇ ಫ್ಲಾಟ್: ಕಾಗದದ ಸಿ ಊದಿದರೆ ಕೇಳಿಸುವುದು ಆ ಸ್ವರ.

ಡಿ ಫ್ಲಾಟ್ ಹಾಗೇ ಇಟ್ಟರೆ ಕಾರ್ನೆಟ್, ಯುಫೋನಿಯಂನವರ ಕಾಗದದಲ್ಲಿ ಇ ಫ್ಲಾಟ್ ಮೇಜರ್ ಬರುತ್ತದೆ, ಮೂರು ಫ್ಲಾಟ್. ಟೆನರ್ ಹಾರ್ನ್, ಇ ಫ್ಲಾಟ್ ಬೇಸ್‌ನವರಿಗೆ ಬಿ ಫ್ಲಾಟ್ ಮೇಜರ್, ಎರಡೇ ಫ್ಲಾಟ್. ಬ್ಯಾಂಡಿನ ಹುಡುಗರು ಕಣ್ಣು ಮುಚ್ಚಿ ಊದುವ ಶ್ರುತಿ. ಅದನ್ನೇ ಸಿ ಮೇಜರ್‌ಗೆ ತಂದರೆ ಕಾರ್ನೆಟ್‌ಗೆ ಡಿ ಮೇಜರ್, ಹಾರ್ನ್‌ಗೆ ಎ ಮೇಜರ್, ಮೂರು ಶಾರ್ಪ್. ಸುಲಭ ಮಾಡಲು ಹೋಗಿ ಕಷ್ಟ ಮಾಡಿದ ಹಾಗಾಗುತ್ತದೆ. ಡ್ವೊರ್ಜಾಕ್ ಬ್ಯಾಂಡಿನವರಿಗೇ ಬರೆದು ಕೊಟ್ಟಂತಿದೆ, ಮುಟ್ಟಬೇಡಿ.

ನಿವೃತ್ತ ಬ್ಯಾಂಡ್ ಮಾಸ್ಟರ್

ಕುಡ್ಲದವರ ಮಾತಿಗೆ ನನ್ನ ಸಹಿ. ಆದರೆ ಎರಡು ಗುಂಡಿ ಇವೆ.

ಒಂದು, ಮೊದಲ ಇ ಮೇಜರ್ ಕಾರ್ಡ್. ಸಾಫ್ಟ್‌ವೇರ್ ಅದನ್ನು ಟ್ರೊಂಬೋನ್‌ಗೆ ಎಫ್ ಶಾರ್ಪ್ ಮೇಜರ್ ಎಂದು ಬರೆಯುತ್ತದೆ. ಮುಂದೆ ಮೂರು ಫ್ಲಾಟ್ ಇರುವ ಕಾಗದದಲ್ಲಿ ಶಾರ್ಪ್‌ಗಳ ಮಳೆ. ಜಿ ಫ್ಲಾಟ್ ಎಂದು ತಿದ್ದಿ. ಸ್ವರ ಒಂದೇ, ಓದುವವನ ಎದೆ ಬಡಿತ ಬೇರೆ.

ಎರಡನೆಯದು ದೊಡ್ಡ ಗುಂಡಿ. ನಡುವಿನ ಭಾಗ ಸಿ ಶಾರ್ಪ್ ಮೈನರ್‌ಗೆ ಹೋಗುತ್ತದೆ. ಅದನ್ನು ಹಾಗೇ ಸ್ಥಳಾಂತರಿಸಿದರೆ ಕಾರ್ನೆಟ್‌ಗೆ ಡಿ ಶಾರ್ಪ್ ಮೈನರ್, ಆರು ಶಾರ್ಪ್. ಹಾರ್ನ್‌ಗೆ ಎ ಶಾರ್ಪ್ ಮೈನರ್, ಏಳು. ಯಾರೂ ಊದುವುದಿಲ್ಲ. ಅದನ್ನು ಡಿ ಫ್ಲಾಟ್ ಮೈನರ್ ಎಂದು ಭಾವಿಸಿ ಬರೆಯಿರಿ. ಆಗ ಕಾರ್ನೆಟ್‌ಗೆ ಇ ಫ್ಲಾಟ್ ಮೈನರ್, ಆರು ಫ್ಲಾಟ್. ಹಾರ್ನ್‌ಗೆ ಬಿ ಫ್ಲಾಟ್ ಮೈನರ್, ಐದು ಫ್ಲಾಟ್. ಸುಖವೇನಲ್ಲ, ಆದರೆ ಬ್ಯಾಂಡಿನವರ ಕಣ್ಣಿಗೆ ಫ್ಲಾಟ್ ಒಗ್ಗುತ್ತದೆ. ಬೇಸ್ ಟ್ರೊಂಬೋನ್‌ನವನಿಗೆ ಮಾತ್ರ ನಾಲ್ಕು ಶಾರ್ಪ್‌ನ ಸಿ ಶಾರ್ಪ್ ಮೈನರ್ ಹಾಗೇ ಬಿಡಿ. ಅವನು ಕೇಳಿಸುವ ಸ್ವರವನ್ನೇ ಓದುತ್ತಾನಲ್ಲ, ಅವನಿಗೆ ಎಂಟು ಫ್ಲಾಟ್ ಕೊಡಲಾಗುವುದಿಲ್ಲ. ಎಲ್ಲರೂ ಫ್ಲಾಟ್, ಅವನೊಬ್ಬ ಶಾರ್ಪ್. ಕಂಡಕ್ಟರ್‌ಗೆ ಮೊದಲೇ ಹೇಳಿಡಿ, ಇಲ್ಲವಾದರೆ ಅಭ್ಯಾಸದಲ್ಲಿ ಜಗಳ ಗ್ಯಾರಂಟಿ.

ಸುಮ್ನೆ ಓದುವವನು

ಯೂಟ್ಯೂಬ್‌ನಲ್ಲಿ ಈಗಷ್ಟೇ ಕೇಳಿದೆ. ಇದು ನಮ್ಮ ಮೋಹನ ರಾಗ ಅಲ್ವಾ? ಗಪಪ ಗರಿಸ, ರಿಗಪಗರಿ... ಅಜ್ಜಿ ಹಾಡುತ್ತಿದ್ದ ಜೋಗುಳದ ತರಹ ಇದೆ.

ಪಿಟೀಲು ಪದ್ಮ

ಮೊದಲ ಸಾಲಿನ ಮಟ್ಟಿಗೆ ಹೌದು. ಮ ಇಲ್ಲ, ನಿ ಇಲ್ಲ. ನನ್ನ ಕರ್ನಾಟಕ ಸಂಗೀತದ ಗುರುಗಳಿಗೆ ಕೇಳಿಸಿದಾಗ ಅವರೂ ಮೋಹನ ಎಂದೇ ತಲೆದೂಗಿದರು. ಮುಂದಿನ ಸಾಲು ಬಂತು, ಧಸಸ ನಿಪಧ. ತಕ್ಷಣ ತಲೆ ನಿಂತಿತು. ನಿಷಾದ ನುಸುಳಿತಲ್ಲ! ಮೋಹನ ಅಲ್ಲ, ಮೋಹನದ ನೆಂಟ.

ಇದನ್ನು ಹಳೆಯ ಜನಪದ ಹಾಡು ಎಂದು ತುಂಬ ಜನ ತಿಳಿದಿದ್ದಾರೆ. ಧಾಟಿ ಡ್ವೊರ್ಜಾಕ್‌ನದೇ. 1893ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಸಿದ್ದು. ಮಾತುಗಳನ್ನು ಅವನ ಶಿಷ್ಯ ವಿಲಿಯಂ ಆರ್ಮ್ಸ್ ಫಿಶರ್ ಆಮೇಲೆ, 1922ರಲ್ಲಿ, ಜೋಡಿಸಿದ.

ಬ್ಯಾರಿಟೋನ್ ಭಟ್ಟ

ಇಲ್ಲಿಯ ಜನರಿಗೆ ಇದು ಡ್ವೊರ್ಜಾಕ್‌ನದೂ ಅಲ್ಲ, ಅಮೆರಿಕದ್ದೂ ಅಲ್ಲ. ಬ್ರೆಡ್‌ನ ಹಾಡು! 1973ರಲ್ಲಿ ಹೋವಿಸ್ ಬ್ರೆಡ್‌ಗೆ ಸಿನಿಮಾ ನಿರ್ದೇಶಕ ರಿಡ್ಲಿ ಸ್ಕಾಟ್ ಒಂದು ಟಿವಿ ಜಾಹೀರಾತು ಮಾಡಿದ. ಹುಡುಗನೊಬ್ಬ ಕಲ್ಲು ಹಾಸಿದ ಏರು ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ, ಹಿಂದೆ ಬ್ರಾಸ್ ಬ್ಯಾಂಡ್‌ನಲ್ಲಿ ಈ ಲಾರ್ಗೊ. ಅಷ್ಟೇ, ಒಂದು ಇಡೀ ತಲೆಮಾರಿಗೆ ಇದು ಉತ್ತರ ಇಂಗ್ಲೆಂಡಿನ ಹಳ್ಳಿ ಸಂಗೀತವಾಗಿಬಿಟ್ಟಿತು. ತಮಾಷೆ ಏನೆಂದರೆ ಆ ಬೀದಿ ಇರುವುದು ದಕ್ಷಿಣದ ಡಾರ್ಸೆಟ್‌ನಲ್ಲಿ, ಶಾಫ್ಟ್ಸ್‌ಬರಿ ಊರಿನ ಗೋಲ್ಡ್ ಹಿಲ್. ಯಾರ್ಕ್‌ಶೈರ್‌ನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಅದಿರಲಿ. ಇಂಗ್ಲಿಷ್ ಹಾರ್ನ್‌ನ ಸೋಲೊ ಯಾರಿಗೆ? ಫ್ಲೂಗಲ್‌ಗೆ ಎಂದುಕೊಂಡಿದ್ದೇನೆ. ಆದರೆ ನಮ್ಮ ಮೊದಲ ಟೆನರ್ ಹಾರ್ನ್ ಅಜ್ಜಿ, ಎಪ್ಪತ್ತೊಂದು ವರ್ಷ, "ಹೆಸರಲ್ಲೇ ಹಾರ್ನ್ ಇದೆ, ನನಗೇ ಬರಬೇಕು" ಎನ್ನುತ್ತಿದ್ದಾರೆ.

ಟ್ಯೂಬಾ ತಿಮ್ಮ

ಅಜ್ಜಿಗೇ ಕೊಡಿ. ಸ್ವರಕ್ಕಿಂತ ತಂಡದ ಶಾಂತಿ ಮುಖ್ಯ.

ಕುಡ್ಲದ ಕಾರ್ನೆಟ್

ಅಜ್ಜಿಯ ವಾದ ಸಂಗೀತದ ಲೆಕ್ಕದಲ್ಲೂ ತೀರಾ ತಪ್ಪಲ್ಲ. ಆ ಧಾಟಿ ಟೆನರ್ ಹಾರ್ನ್ ಕಾಗದದಲ್ಲಿ ನಾಲ್ಕನೇ ಗೆರೆಯ ಡಿಯಿಂದ ಶುರುವಾಗಿ ಎಫ್‌ಗೆ ಏರುತ್ತದೆ, ಮುಂದಿನ ಸಾಲಿನಲ್ಲಿ ಇನ್ನೂ ಮೇಲಿನ ಬಿ ಫ್ಲಾಟ್. ಆಗುತ್ತದೆ, ಆದರೆ ತುಟಿಗೆ ಕೆಲಸ. ಅದೇ ಫ್ಲೂಗಲ್‌ಗೆ ಎರಡನೇ ಗೆರೆಯ ಜಿ, ಮೇಲೆ ಬಿ ಫ್ಲಾಟ್. ವಾದ್ಯದ ನಡು ಎದೆಯಲ್ಲಿ ಕೂರುತ್ತದೆ. ಮೊದಲ ಸ್ವರವನ್ನೇ ಅಷ್ಟು ಮೆತ್ತಗೆ ಹಿಡಿಯಬೇಕಾದಾಗ ನಾನಾದರೆ ಫ್ಲೂಗಲ್ ಕಡೆಗೇ ವಾಲುತ್ತೇನೆ.

ಅಜ್ಜಿಗೆ ಬೇರೆ ಚಿನ್ನವಿದೆ. ಮೊದಲ ಭಾಗ ಮುಗಿಯುವಾಗ ಎರಡು ಹಾರ್ನ್‌ಗಳು ಧಾಟಿಯನ್ನು ದೂರದಿಂದ ಪ್ರತಿಧ್ವನಿಯಂತೆ ನುಡಿಸುತ್ತವಲ್ಲ, ಅದು ಮೂಲದಲ್ಲೇ ಹಾರ್ನ್‌ಗೆ ಇದೆ. ಅದನ್ನು ಅವರಿಗೂ ಎರಡನೇ ಟೆನರ್ ಹಾರ್ನ್‌ಗೂ ಕೊಡಿ. ಜಗಳ ಮುಗಿಯಿತು.

ಬ್ಯಾರಿಟೋನ್ ಭಟ್ಟ

ಎರಡನೇ ಟೆನರ್ ಹಾರ್ನ್ ನಮ್ಮಲ್ಲಿಲ್ಲ. ಕುರ್ಚಿ ಇದೆ, ಮನುಷ್ಯ ಇಲ್ಲ.

ನಿವೃತ್ತ ಬ್ಯಾಂಡ್ ಮಾಸ್ಟರ್

ಅದಕ್ಕೇ ಕ್ಯೂ ಬರೆಯಬೇಕು ಎನ್ನುವುದು. ಖಾಲಿ ಕುರ್ಚಿಯ ಮುಖ್ಯ ಸ್ವರಗಳನ್ನು ಪಕ್ಕದವನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಡಿ. ಎರಡನೇ ಹಾರ್ನ್‌ದು ಮೊದಲ ಬ್ಯಾರಿಟೋನ್‌ನಲ್ಲಿ, ಸೊಪ್ರಾನೊದ್ದು ಸೋಲೊ ಕಾರ್ನೆಟ್‌ನಲ್ಲಿ, ಫ್ಲೂಗಲ್ ಸೋಲೊ ರಿಪಿಯಾನೊ ಎಂಬ ಒಂಟಿ ಕಾರ್ನೆಟ್‌ನಲ್ಲಿ. ಹತ್ತೊಂಬತ್ತು ಜನರಿಗೆ ಬರೆಯುವಾಗ ಇನ್ನೊಂದು ನೆನಪಿಡಿ. ಕಾರ್ಡ್‌ನ ಮೂರನೇ ಸ್ವರವನ್ನು, ಅಂದರೆ ಮೇಜರೋ ಮೈನರೋ ಎಂದು ಹೇಳುವ ಸ್ವರವನ್ನು, ಮಳೆಗೆ ಹೆದರಿ ಮನೆಯಲ್ಲೇ ಉಳಿಯುವವನ ಕೈಗೆ ಕೊಡಬೇಡಿ.

ಪಿಟೀಲು ಪದ್ಮ

ನಡುವಿನ ಭಾಗದಲ್ಲಿ ನಮ್ಮ ಟ್ರೆಮೊಲೊ ಏನು ಮಾಡಿದಿರಿ? ಕೊಳಲು, ಓಬೊ ಹಾಡುವಾಗ ನಾವು ಕೆಳಗೆ ನಡುಗುತ್ತಿರುತ್ತೇವಲ್ಲ.

ಬ್ಯಾರಿಟೋನ್ ಭಟ್ಟ

ಅಲ್ಲೇ ಮೂರನೇ ಕಾರ್ನೆಟ್ ಹುಡುಗ ನಕ್ಕಿದ್ದು. ಎರಡು, ಮೂರನೇ ಕಾರ್ನೆಟ್‌ಗಳಿಗೆ ಡಬಲ್ ಟಂಗಿಂಗ್ (ನಾಲಿಗೆಯಿಂದ ಸ್ವರವನ್ನು ಬೇಗ ಬೇಗ ಕತ್ತರಿಸುವುದು) ಬರೆದಿದ್ದೆ, ತೀರಾ ಮೆತ್ತಗೆ. ಕೇಳಿಸಿದ್ದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ.

ಕುಡ್ಲದ ಕಾರ್ನೆಟ್

ತಂಡದಲ್ಲಿ ಹೊಸಬರು ಕೂರುವ ಕುರ್ಚಿಗೇ ಅತಿ ಕಷ್ಟದ್ದು ಕೊಟ್ಟಿದ್ದೀರಿ ಮಾರಾಯ್ರೆ! ಟ್ರೆಮೊಲೊವನ್ನು ನಕಲು ಮಾಡಲೇಬೇಡಿ. ಅದರ ಕೆಲಸ ಏನು? ಕೆಳಗೆ ನೆಮ್ಮದಿ ಇಲ್ಲ ಎಂದು ತೋರಿಸುವುದು. ಅದನ್ನು ಬೇರೆ ದಾರಿಯಲ್ಲಿ ತರಬಹುದು. ಬ್ಯಾರಿಟೋನ್, ಹಾರ್ನ್‌ಗಳು ಉದ್ದ ಕಾರ್ಡ್ ಹಿಡಿಯಲಿ, ಒಳಗೆ ಒಬ್ಬರು ಮಾತ್ರ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ನಿಧಾನವಾಗಿ ಓಲಾಡಲಿ. ಟಿಂಪಾನಿ (ನಗಾರಿ) ಬಡಿಯುವವರಿಗೆ ಮೆತ್ತಗೆ ಒಂದು ರೋಲ್, ಅಂದರೆ ಬಿಡದ ಬಡಿತ.

ಪಿಟೀಲು ಪದ್ಮ

ಮೂಲದಲ್ಲಿ ಇಲ್ಲದ ರೋಲ್ ಸೇರಿಸುವುದು ನನಗೆ ಒಪ್ಪಿಗೆ ಇಲ್ಲ. ಲಾರ್ಗೊದಲ್ಲಿ ಟಿಂಪಾನಿಯನ್ನು ಅವನು ಎಣಿಸಿ ಎಣಿಸಿ ಇಟ್ಟಿದ್ದಾನೆ. ಇಡೀ ಸಿಂಫನಿಯಲ್ಲಿ ಸಿಂಬಲ್‌ಗೆ ಒಂದೇ ಒಂದು ಏಟು ಕೊಟ್ಟ ಮನುಷ್ಯ ಅವನು, ಅದೂ ಕೊನೆಯ ಭಾಗದಲ್ಲಿ.

ಕುಡ್ಲದ ಕಾರ್ನೆಟ್

ಮೂಲದಲ್ಲಿ ಯುಫೋನಿಯಂ ಕೂಡ ಇಲ್ಲ ಮೇಡಂ. ಪಿಟೀಲು ತೆಗೆದ ಮೇಲೆ ಮೂಲ ಎಲ್ಲಿ ಉಳಿಯಿತು? ಹನ್ನೊಂದು ನಿಮಿಷ ಸ್ಟಿಕ್ ಹಿಡಿದು ಕೂತವರ ಮುಖವನ್ನೂ ನೋಡಬೇಕಲ್ಲ.

ಪಿಟೀಲು ಪದ್ಮ

ಮುಖ ನೋಡಿ ಸಂಗೀತ ಬರೆಯಲಾಗುತ್ತದೆಯೇ? ಭಟ್ಟರೇ ಎರಡನ್ನೂ ಊದಿಸಿ ನೋಡಲಿ. ಪಿಝಿಕಾಟೊ ಬಗ್ಗೆ ಒಂದು ಮಾತು. ಅದೇ ನಡುಭಾಗದಲ್ಲಿ ಡಬಲ್ ಬೇಸ್‌ಗಳು ಮೀಟುತ್ತಾ ನಡೆಯುತ್ತವೆ. ಅದನ್ನು ಟ್ಯೂಬಾಗೆ ತೀರಾ ಚಿಕ್ಕ ಸ್ವರವಾಗಿ ಬರೆಯಬೇಡಿ. ಮೀಟಿದ ತಂತಿಗೆ ಮೀಟಿದ ಮೇಲೂ ಬಾಲ ಇರುತ್ತದೆ.

ಟ್ಯೂಬಾ ತಿಮ್ಮ

ಇದು ಸತ್ಯ. ಸ್ವರಕ್ಕೆ ಚಿಕ್ಕದಾಗಿ ಊದು ಎನ್ನುವ ಚುಕ್ಕಿ ಕಂಡರೆ ನಾವು "ಪುಟ್ ಪುಟ್" ಮಾಡುತ್ತೇವೆ, ಹಳೆ ಲೂನಾ ಸ್ಟಾರ್ಟ್ ಮಾಡಿದ ಹಾಗೆ. ಚುಕ್ಕಿಯ ಜೊತೆ ಸಣ್ಣ ಗೆರೆಯನ್ನೂ ಹಾಕಿ. ಮತ್ತೆ, ನಾಲ್ವರಲ್ಲಿ ಒಬ್ಬನೇ ಊದಲಿ. ಇ ಫ್ಲಾಟ್ ಬೇಸ್‌ನವನು.

ಬ್ಯಾರಿಟೋನ್ ಭಟ್ಟ

ಮೂರು ವಾರದ ನಂತರ ಬರುತ್ತಿದ್ದೇನೆ. ಹೊಸ ಕರಡು ನಿನ್ನೆ ಊದಿಸಿದೆವು. ವರದಿ ಒಪ್ಪಿಸುತ್ತೇನೆ.

ಮೊದಲ ನಾಲ್ಕು ಬಾರ್ ಐದೇ ಜನ: ಮೂರು ಟ್ರೊಂಬೋನ್, ಇಬ್ಬರು ಬೇಸ್. ಜಿ ಫ್ಲಾಟ್ ಎಂದು ತಿದ್ದಿದ್ದಕ್ಕೆ ಆ ಹಿರಿಯರು ಈ ಸಲ ಕಾಗದವನ್ನು ತಿರುಗಿಸಲಿಲ್ಲ. ಐದನೇ ಬಾರ್‌ನಲ್ಲಿ ಹಾರ್ನ್, ಬ್ಯಾರಿಟೋನ್, ಯುಫೋನಿಯಂ ತೆರೆದುಕೊಂಡಾಗ ನನಗೆ ಮೈ ಜುಮ್ಮೆಂದಿತು, ನಾನೇ ಬರೆದದ್ದು ಎಂಬುದು ಮರೆತುಹೋಯಿತು. ಉಸಿರಿಗೆ ಗುರುತು ಹಾಕಿದ್ದೆ, ಪ್ರತಿ ಸ್ವರಕ್ಕೂ ಇಬ್ಬರು, ಒಬ್ಬ ಎರಡನೇ ಬಾರ್‌ನಲ್ಲಿ ಉಸಿರು ತೆಗೆದರೆ ಇನ್ನೊಬ್ಬ ಮೂರರಲ್ಲಿ.

ಸೋಲೊ ಫ್ಲೂಗಲ್‌ಗೇ ಹೋಯಿತು. ಆದರೂ ಮುಳುಗಿಹೋಗುತ್ತಿತ್ತು. ನಾನೇ ಬ್ಯಾರಿಟೋನ್ ಕೆಳಗಿಟ್ಟು ಹಾಲ್‌ನ ಹಿಂದೆ ಹೋಗಿ ನಿಂತೆ. ನಾನು ನಿಲ್ಲಿಸಿದ್ದೇ ಸ್ಪಷ್ಟವಾಯಿತು! ಉಳಿದ ಕಡೆಯೂ ಹೀಗೇ ಕತ್ತರಿಸುತ್ತಾ ಹೋದೆ. ಸೋಲೊ ಕಾರ್ನೆಟ್‌ನ ನಾಲ್ವರಿಗೆ ಶುರುವಿನಲ್ಲಿ ಬರೀ ವಿಶ್ರಾಂತಿ. ಅವರು ಗೊಣಗಿದರು. ನಡುಭಾಗದ ಕೊನೆಗೆ ಹಕ್ಕಿ ಚಿಲಿಪಿಲಿಯಂಥ ಓಬೊ ಸಾಲು ಬಂದು, ಎಲ್ಲ ಏರಿ, ಟ್ರೊಂಬೋನ್‌ನಲ್ಲಿ ಸಿಂಫನಿಯ ಮೊದಲ ಭಾಗದ ಧಾಟಿ ಗುಡುಗುತ್ತದಲ್ಲ, ಅಲ್ಲಿಗೆ ಬರುವಾಗ ಅವರ ತುಟಿ ತಾಜಾ ಇತ್ತು. ಕಿಟಕಿ ಗಾಜು ಅಲುಗಿತು. ಗೊಣಗಾಟ ನಿಂತಿತು.

ಟ್ರೆಮೊಲೊ ಎರಡು ರೀತಿಯಲ್ಲೂ ನೋಡಿದೆವು. ಪದ್ಮಾ ಮೇಡಂ ಗೆದ್ದರು, ಟಿಂಪಾನಿ ರೋಲ್ ತೆಗೆದೆ. ಓಲಾಡುವ ಸ್ವರ ಉಳಿಸಿಕೊಂಡೆ, ಎರಡನೇ ಬ್ಯಾರಿಟೋನ್‌ನಲ್ಲಿ. ಸಿ ಶಾರ್ಪ್ ಮೈನರ್ ಗುಂಡಿಗೆ ಬೇಸ್ ಟ್ರೊಂಬೋನ್ ಮತ್ತು ಕಂಡಕ್ಟರ್ ಇಬ್ಬರೂ ಬಿದ್ದರು. ಮಾಸ್ಟರ್ ಎಚ್ಚರಿಸಿದ್ದನ್ನು ನಾನು ಹೇಳಲು ಮರೆತಿದ್ದೆ. ಹತ್ತು ನಿಮಿಷ ಹೋಯಿತು.

ಈಗ ಉಳಿದದ್ದು ಕೊನೆ. ಧಾಟಿ ತುಂಡು ತುಂಡಾಗಿ, ನಡುನಡುವೆ ಮೌನ ಬಂದು, ಕೆಲವೇ ತಂತಿಗಳಲ್ಲಿ ಉಳಿಯುವ ಜಾಗ ಇದೆಯಲ್ಲ. ಅಲ್ಲಿ ಯಾರು?

ಪಿಟೀಲು ಪದ್ಮ

ಅಲ್ಲಿ ನಮ್ಮಲ್ಲಿ ಮುಂದಿನ ಕುರ್ಚಿಯವರು ಮಾತ್ರ ನುಡಿಸುವುದು. ನಾವೆಲ್ಲ ಬಿಲ್ಲು ಎತ್ತಿ ಉಸಿರು ಹಿಡಿದು ಕೂತಿರುತ್ತೇವೆ. ಹಾಡುವವರಿಗೆ ಗಂಟಲು ಕಟ್ಟಿ ಮಾತು ನಿಂತ ಹಾಗೆ ಆ ಮೌನಗಳು. ಒಬ್ಬ ಕಾರ್ನೆಟ್, ಒಬ್ಬ ಹಾರ್ನ್, ಒಬ್ಬ ಯುಫೋನಿಯಂ ಸಾಕು. ಫ್ಲೂಗಲ್ ಬೇಡ, ಅದು ಆಗಲೇ ತನ್ನ ಮಾತು ಆಡಿದೆ. ಮೌನದ ಮೇಲೆ ಫರ್ಮಾಟ ಗುರುತು (ಇನ್ನೂ ಸ್ವಲ್ಪ ಹೊತ್ತು ನಿಲ್ಲು ಎಂದು) ಇದೆ, ಸಾಫ್ಟ್‌ವೇರ್ ಅದನ್ನು ನುಂಗಿರಬಹುದು, ನೋಡಿಕೊಳ್ಳಿ.

ಟ್ಯೂಬಾ ತಿಮ್ಮ

ಕೊಟ್ಟ ಕೊನೆಯ ಕಾರ್ಡ್ ನೋಡಿದಿರಾ? ಡಬಲ್ ಬೇಸ್‌ಗಳು ನಾಲ್ಕು ಭಾಗವಾಗಿ ಒಡೆದು, ಬೇರೆ ಯಾರೂ ಇಲ್ಲದೆ, ಡಿ ಫ್ಲಾಟ್ ಕಾರ್ಡ್ ಹಿಡಿಯುತ್ತವೆ. ಬ್ರಾಸ್ ಬ್ಯಾಂಡಿನಲ್ಲಿ ಬೇಸ್ ಎಷ್ಟು? ನಾಲ್ಕು! ತಿದ್ದುವುದೇ ಬೇಡ. ಇಡೀ ಲಾರ್ಗೊದಲ್ಲಿ ಇದ್ದದ್ದನ್ನು ಇದ್ದ ಹಾಗೇ ಎತ್ತಿಡಬಹುದಾದ ಜಾಗ ಇದೊಂದೇ ಇರಬೇಕು.

ಬ್ಯಾರಿಟೋನ್ ಭಟ್ಟ

ನಮ್ಮಲ್ಲಿ ಬೇಸ್ ಮೂರು. ನಾಲ್ಕನೇ ಸ್ವರ ಬೇಸ್ ಟ್ರೊಂಬೋನ್‌ಗೆ ಬರೆದೆ. ಅಂಚು ಸ್ವಲ್ಪ ಎದ್ದು ಕಾಣುತ್ತದೆ. ಇಂದು ಅದನ್ನು ಎರಡನೇ ಯುಫೋನಿಯಂಗೆ ದಾಟಿಸುತ್ತೇನೆ.

ಕುಡ್ಲದ ಕಾರ್ನೆಟ್

ಭಟ್ಟರೇ, ಕೆಲಸ ಮುಗಿದ ಮೇಲೆ ನಮಗೂ ಒಂದು ಪ್ರತಿ ಕಳಿಸುತ್ತೀರಾ? ಡ್ವೊರ್ಜಾಕ್ ತೀರಿಕೊಂಡದ್ದು 1904ರಲ್ಲಿ, ಮೂಲಕ್ಕೆ ಹಕ್ಕಿನ ತಕರಾರಿಲ್ಲ. ನಿಮ್ಮ ಬರಹಕ್ಕೆ ನಿಮ್ಮದೇ ಹೆಸರು ಹಾಕಿಕೊಳ್ಳುತ್ತೇವೆ. ಒಂದೇ ತೊಂದರೆ, ನಮ್ಮ ತಂಡದಲ್ಲಿ ಟೆನರ್ ಹಾರ್ನ್ ಒಂದೂ ಇಲ್ಲ. ಆಲ್ಟೊ ಸ್ಯಾಕ್ಸ್ ಮೂರಿವೆ.

ನಿವೃತ್ತ ಬ್ಯಾಂಡ್ ಮಾಸ್ಟರ್

ಹಾರ್ನ್ ಕಾಗದವನ್ನೇ ಆಲ್ಟೊ ಸ್ಯಾಕ್ಸ್ ಮುಂದೆ ಇಡಿ. ಎರಡೂ ಇ ಫ್ಲಾಟ್, ಸ್ಥಾಯಿಯೂ ಒಂದೇ. ಸ್ಯಾಕ್ಸ್‌ಗೆ ಕೆಳಗಿನ ಬಿ ಫ್ಲಾಟ್‌ಗಿಂತ ತಗ್ಗಿಲ್ಲ, ಅಲ್ಲೆಲ್ಲಾದರೂ ಇಳಿದಿದ್ದರೆ ಅಷ್ಟನ್ನು ಮಾತ್ರ ಮೇಲಕ್ಕೆತ್ತಿ. ಮತ್ತೆ ಸ್ಯಾಕ್ಸ್‌ನವರಿಗೆ ವೈಬ್ರಾಟೊ (ಸ್ವರ ಅಲುಗಿಸುವುದು) ಬೇಡ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಕುಡ್ಲದ ಕಾರ್ನೆಟ್

ಬರೆಯಬಹುದು ಸರ್. ಕೇಳುತ್ತಾರಾ?